ಒಂದೇ ಹೆಸರಿನ ಮಕ್ಕಳ ಪಾಲಕರಿಗೆ

ಒಂಬತ್ತನೇ ತರಗತಿ ಮಕ್ಕಳ ಪಾಲಕರಿಗೆ ಶರಣು.

ಆಧಾರ್ ಝೆರಾಕ್ಸ್ ಕೇಳಿ ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದ್ದೆ. ಕೆಲವರು ಫೋನ್ ಮಾಡಿ, "ಸರ್, ನಮ್ಮ ಹುಡುಗಿಗೆ ಅಡ್ಡಹೆಸರೇ ಇಲ್ಲ. ಯಾವುದರೆ ಒಂದು ನೀವೇ ಹಚ್ಚಿಬಿಡ್ರಿ" ಅಂದಿರಿ. ನಾನು ಹಚ್ಚುವುದಿಲ್ಲ. ಯಾಕೆಂದರೆ ಹೋದ ವರ್ಷ ಆದದ್ದು ಕೇಳಿರಿ.

ನಮ್ಮದೇ ಶಾಲೆಯ ಒಬ್ಬ ಹುಡುಗಿಗೆ ದಾಖಲಾತಿ ರಜಿಸ್ಟರಿನಲ್ಲಿ ಒಂದೇ ಹೆಸರು. ಬ್ಯಾಂಕ್ ಖಾತೆ ತೆಗೆಸಲು ಹೋದಾಗ ಕೊನೆಯ ಹೆಸರಿನ ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗಲೊಲ್ಲದು, ಬರೀ ಕೆಂಪು ಅಕ್ಷರ. ಅಲ್ಲಿದ್ದವರು ಇದ್ದ ಹೆಸರನ್ನೇ ಎರಡು ಸಲ ಹೊಡೆದರು. ಮುಂದೆ ಆಧಾರ್ ತಿದ್ದಿಸಲು ಹೋದಲ್ಲಿ ಅಪ್ಪನ ಹೆಸರು ಸೇರಿತು. ವಿದ್ಯಾರ್ಥಿವೇತನ ನಿಂತಿತು. ತಾಯಿ ನಾಲ್ಕು ದಿನದ ಕೂಲಿ ಬಿಟ್ಟು ತಿರುಗಿ, ಕಡೆಗೆ ಮೂರೂ ಕಾಗದ ನನ್ನ ಟೇಬಲ್ ಮೇಲೆ ಸಾಲಾಗಿ ಇಟ್ಟು ಕೇಳಿದರು: "ಇವರೊಳಗ ನನ್ನ ಮಗಳು ಯಾರ್‍ರಿ ಸರ್?"

ಒಂದೇ ಹೆಸರಿರುವುದು ತಪ್ಪಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ, ಅವರ ಅಡ್ಡಹೆಸರು ಯಾರೂ ಕೇಳಿಲ್ಲ. ಜಾತಿ ಗೊತ್ತಾಗಬಾರದೆಂದು ಬೇಕಂತಲೇ ಬಿಟ್ಟವರೂ ನಿಮ್ಮಲ್ಲಿದ್ದೀರಿ. ತಪ್ಪು ಇರುವುದು ಎರಡು ಹೆಸರು ಬೇಕೇಬೇಕೆಂದು ಹಟ ಹಿಡಿಯುವ ಖಾನೆಯಲ್ಲಿ. ನನ್ನದೂ ಒಂದೇ ಹೆಸರು. ಪ್ಯಾನ್ ಅರ್ಜಿಯಲ್ಲಿ ಅದನ್ನು ಮೊದಲ ಹೆಸರಿನ ಖಾನೆಗೆ ಬರೆದಿದ್ದೆ, ಅರ್ಜಿ ವಾಪಸ್ ಬಂತು. ಒಂದೇ ಹೆಸರಿದ್ದವರು ಅದನ್ನು ಅಡ್ಡಹೆಸರಿನ ಖಾನೆಯಲ್ಲೇ ಬರೆದು ಉಳಿದೆರಡು ಖಾಲಿ ಬಿಡಬೇಕಂತೆ! ಅಮೆರಿಕದ ವೀಸಾದಲ್ಲೂ ಹಾಗೆಯೇ, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ. ಗಲ್ಫಿಗೆ ಹೋಗುವವರ ಮನೆಗಳಲ್ಲಿ 2022ರ ನವೆಂಬರ್ ನೆನಪಿರಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಭೇಟಿ ವೀಸಾ ಇಲ್ಲವೆಂದು ಯುಎಇ ಹೇಳಿತ್ತು. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿತು.

ಈಗ ನಮ್ಮ ಕೆಲಸ. ಎಸ್ಸೆಸ್ಸೆಲ್ಸಿ ನೋಂದಣಿಗೆ ಶಾಲಾ ಮಕ್ಕಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿರುವ ಹೆಸರೇ ಹೋಗುತ್ತದೆ, ಅಂಕಪಟ್ಟಿಯಲ್ಲೂ ಅದೇ ಅಚ್ಚಾಗುತ್ತದೆ. ಅಪಾರ್ ಐಡಿ, ಅಂದರೆ ವಿದ್ಯಾರ್ಥಿಯ ಕಾಯಂ ಗುರುತಿನ ಸಂಖ್ಯೆ, ಆಗಬೇಕಾದರೆ ಶಾಲೆಯ ದಾಖಲೆಯ ಹೆಸರು ಆಧಾರಿನ ಹೆಸರಿಗೆ ಹೊಂದಬೇಕು. ಆಧಾರಿನಲ್ಲಿ ಹೆಸರು ತಿದ್ದಲು ಜನ್ಮದಲ್ಲಿ ಎರಡೇ ಅವಕಾಶ. ಆದ್ದರಿಂದ ಅಡ್ಡಹೆಸರು ಬೇಕೋ ಬೇಡವೋ ಮನೆಯಲ್ಲಿ ಕೂತು ಈಗಲೇ ನಿರ್ಧರಿಸಿರಿ. ಬೇಡವಾದರೆ ಎಲ್ಲ ಕಾಗದದಲ್ಲೂ ಒಂದೇ ಹೆಸರು ಇರಲಿ. 15 ತುಂಬಿದ ಮಕ್ಕಳು ಬೆರಳಚ್ಚು ಹೊಸದಾಗಿ ಕೊಡಲು ಆಧಾರ್ ಕೇಂದ್ರಕ್ಕೆ ಹೋಗಲೇಬೇಕು. ಅಲ್ಲಿ ಕೂತವರು "ಇಲ್ಲೇನು ಹಾಕ್ಲಿ?" ಅಂದರೆ ಸುಮ್ಮನೆ ಹೂಂ ಅನ್ನಬೇಡಿರಿ. ಚುಕ್ಕೆ ಇಡಲಿಕ್ಕೂ ಬಿಡಬೇಡಿರಿ.

ಶನಿವಾರ ಮುಂಜಾನೆ ಶಾಲೆ ಬಿಡುವ ಹೊತ್ತಿಗೆ ಆಧಾರ್, ಜನನ ಪ್ರಮಾಣಪತ್ರ, ಪಾಸ್‌ಬುಕ್, ಮೂರೂ ಅಸಲು ತನ್ನಿರಿ. ಕಬ್ಬು ಕಡಿಯಲು, ಗೋವಾಕ್ಕೆ ದುಡಿಯಲು ಹೋದವರು ಮನೆಯ ಹಿರಿಯರನ್ನು ಕಳಿಸಿರಿ, ನಾನು ಅಲ್ಲಿಂದಲೇ ನಿಮಗೆ ಫೋನ್ ಹಚ್ಚುತ್ತೇನೆ. ಮಗುವೂ ಜೊತೆಗಿರಲಿ. ಇಂಗ್ಲಿಷಿನಲ್ಲಿ ಯಲ್ಲವ್ವನಿಗೆ 'ಎ' ಅಕ್ಷರವೋ 'ಇ' ಅಕ್ಷರವೋ ಎಂಬುದನ್ನು ಅವಳೇ ಬರೆದು ತೋರಿಸಲಿ.

ನಿಮ್ಮ,
ಮುಖ್ಯಾಧ್ಯಾಪಕ
ಸರ್ಕಾರಿ ಪ್ರೌಢಶಾಲೆ, ವಿಜಯಪುರ ಜಿಲ್ಲೆ