ಹಳೆಯ ವಿಮಾನ ಕಿಟ್‌ಗಳನ್ನು ಮೂಲೆಗೆ ಹಾಕುವುದೇಕೆ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್–21 ವಾಯುಪಡೆಯಿಂದ ನಿವೃತ್ತಿಯಾದ ಮೇಲೆ, ಅದರ ಪ್ಲಾಸ್ಟಿಕ್ ಮಾದರಿ ಜೋಡಿಸಬೇಕೆಂಬ ಆಸೆ ಬೀದರಿನ ಹಲವು ವಿದ್ಯಾರ್ಥಿಗಳಲ್ಲಿ ಮೂಡಿದೆ. ಹಾಕ್ ತರಬೇತಿ ವಿಮಾನಗಳ ಸದ್ದು ಕೇಳುತ್ತಲೇ ಬೆಳೆಯುವ ಮಕ್ಕಳಿಗೆ ಅದು ಸಹಜವೇ. ಆದರೆ ಹಳೆಯ ಕಿಟ್‌ಗಳನ್ನು (ಬಿಡಿಭಾಗಗಳನ್ನು ಅಂಟಿಸಿ ಮಾದರಿ ಕಟ್ಟುವ ಪೆಟ್ಟಿಗೆಗಳನ್ನು) ಬಿಟ್ಟು ಹೊಸ ಅಚ್ಚಿನ ದುಬಾರಿ ಕಿಟ್‌ಗಳನ್ನೂ ಅವಕ್ಕೆ ಪ್ರತ್ಯೇಕವಾಗಿ ಸಿಗುವ ರೆಸಿನ್ (ಅಚ್ಚಿಗೆ ಎರೆದು ಗಟ್ಟಿಯಾಗಿಸುವ ರಾಳ) ಬಿಡಿಭಾಗಗಳನ್ನೂ ಕೊಳ್ಳಿರೆಂದು ನಿಮ್ಮ ಪುರವಣಿಯ ಹವ್ಯಾಸ ಅಂಕಣ ಕೊಟ್ಟ ಸಲಹೆಯನ್ನು ನಾನು ಒಪ್ಪಲಾರೆ.

ಹಳೆಯ ಕಿಟ್‌ನಲ್ಲಿ ಹೊರ ಆಕಾರ ಬಹುಮಟ್ಟಿಗೆ ಸರಿಯಾಗಿರುತ್ತದೆ. ಕೊರತೆ ಇರುವುದು ಒಳಗೆ. ಕಾಕ್‌ಪಿಟ್ ಎಂದರೆ ಒಂದು ಕುರ್ಚಿ, ಅದರಲ್ಲೊಬ್ಬ ಬೊಂಬೆ ಪೈಲಟ್, ಅಷ್ಟೇ. ಚಕ್ರ ಮಡಚಿಕೊಳ್ಳುವ ಗೂಡಿಗೆ ಆಳವೇ ಇರುವುದಿಲ್ಲ. ಇದನ್ನೆಲ್ಲ ಸರಿಪಡಿಸಲು ಬೇಕಾದ ಸಾಮಗ್ರಿ ಮನೆಯಲ್ಲೇ ಸಿಗುತ್ತದೆ. ತಳದಲ್ಲಿ 6 ಎಂಬ ಅಂಕಿ ಇರುವ ಬಿಸಾಡುವ ಪ್ಲಾಸ್ಟಿಕ್ ಲೋಟಗಳು ಕಿಟ್‌ನಂತೆಯೇ ಪಾಲಿಸ್ಟೈರೀನ್ ಆಗಿರುವುದರಿಂದ, ಅವುಗಳಿಂದ ಕತ್ತರಿಸಿದ ಹಾಳೆ ಕಿಟ್ ಜೋಡಿಸುವ ಅಂಟಿನಿಂದಲೇ ಕೂಡಿಕೊಳ್ಳುತ್ತದೆ. ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಕಡ್ಡಿಯನ್ನು ಮೇಣದಬತ್ತಿಯ ಉರಿಗೆ ತಾಗದಂತೆ ಅದರ ಮೇಲೆ ಹಿಡಿದು ಮೆತ್ತಗಾಗಿಸಿ ಎಳೆದರೆ ಕೂದಲೆಳೆಯಷ್ಟು ಸಣ್ಣ ತಂತಿ ಬರುತ್ತದೆ. ಸುಟ್ಟ ಮೋಟಾರಿನ ತಾಮ್ರದ ತಂತಿ ಚಕ್ರದ ಗೂಡಿನೊಳಗಿನ ಕೊಳವೆಗಳಾಗುತ್ತದೆ.

ಅಳತೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. 72ರಲ್ಲಿ ಒಂದು ಪ್ರಮಾಣದ ಮಾದರಿಯಲ್ಲಿ 5 ಸೆಂ.ಮೀ. ಅಗಲದ ಸೀಟ್ ಬೆಲ್ಟ್ 0.7 ಮಿ.ಮೀ. ಆಗುತ್ತದೆ, ಮಾತ್ರೆಯ ಪಟ್ಟಿಯ ಹಿಂಬದಿಯ ಹಾಳೆಯಿಂದ ಅದನ್ನು ಹೊಸ ಬ್ಲೇಡಿನಲ್ಲಿ ಸೀಳಿ ತೆಗೆಯಬಹುದು. ವಿಮಾನದ ಲೋಹದ ತಗಡುಗಳ ಕೂಡಿಕೆಯನ್ನು ತೋರಿಸುವ ಉಬ್ಬಿದ ಗೆರೆಗಳನ್ನು ಉಜ್ಜಿ ತೆಗೆದು ತಗ್ಗು ಗೆರೆ ಕೊರೆಯುವುದೇ ಸುಧಾರಣೆ ಎಂದು ಅನೇಕರು ನಂಬಿದ್ದಾರೆ. ಆದರೆ 0.3 ಮಿ.ಮೀ. ಗೆರೆಯು ನಿಜವಾದ ವಿಮಾನದ ಮೇಲೆ 2 ಸೆಂ.ಮೀ.ಗಿಂತ ಅಗಲದ ಕಂದಕವಾಗುತ್ತದೆ. ಅಂಥದಕ್ಕಿಂತ ಹಳೆಯ ಉಬ್ಬುಗೆರೆಯೇ ಮೇಲು. ನಮ್ಮ ಬಿದರಿ ಕುಶಲಕರ್ಮಿಗಳು ಕೊರೆಯುವ ಗೆರೆ ಕಾಣಲೆಂದು ಲೋಹಕ್ಕೆ ಮೊದಲು ಮೈಲುತುತ್ತದ ನೀರು ಬಳಿದು ಕಪ್ಪಾಗಿಸುತ್ತಾರೆ. ಬಿಳಿ ಪ್ಲಾಸ್ಟಿಕ್ಕಿಗೂ ಹಾಗೆಯೇ ಬೂದು ಬಣ್ಣದ ಒಂದು ತೆಳು ಲೇಪ ಕೊಟ್ಟರೆ ಉಜ್ಜಿದ ಗೀರು, ಕೂಡಿಕೆಯ ಬಿರುಕು ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಒಳಗೆ ಮಾಡಿದ ಕೆಲಸ ಕಾಣಬೇಕಾದರೆ ಕಾಕ್‌ಪಿಟ್ಟಿನ ಗಾಜು ತೆರೆದಿರಬೇಕು. ಇಲ್ಲಿ ವಿಮಾನದ ತಿಳಿವಳಿಕೆ ಬೇಕಾಗುತ್ತದೆ: ಮಿಗ್–21ರ ಹಳೆಯ ಮಾದರಿಯಾದ ಎಫ್‌ಎಲ್‌ನಲ್ಲಿ ಮುಂಗಾಜೂ ಸೇರಿದಂತೆ ಇಡೀ ಮುಚ್ಚಳ ಮುಂದಕ್ಕೆ ಏಳುತ್ತಿತ್ತು, ನಂತರದ ಮಾದರಿಯಾದ ಬಿಸ್‌ನಲ್ಲಿ ಮುಂಗಾಜು ಸ್ಥಿರವಾಗಿದ್ದು, ಹಿಂಭಾಗ ಮಾತ್ರ ಬಲಕ್ಕೆ ತೆರೆಯುತ್ತಿತ್ತು. ಉಪಕರಣ ಫಲಕದ ನಡುವೆ ಒಂದು ಬಿಳಿ ಲಂಬ ಗೆರೆಯೂ ಇರುತ್ತಿತ್ತು. ವಿಮಾನ ಗಿರಕಿಗೆ ಸಿಕ್ಕಾಗ ಪೈಲಟ್ ನಿಯಂತ್ರಣ ದಂಡವನ್ನು ಸರಿಯಾಗಿ ನಡುವಿಗೆ ತರಲೆಂದು ಬಳಿದ ಗುರುತು ಅದು. ಹಳೆಯ ಕಿಟ್‌ನಲ್ಲಿ ಫಲಕವೇ ಇರದಿದ್ದರೆ, ಅದನ್ನು ಕತ್ತರಿಸಿ ಕೂರಿಸುವ ಹುಡುಗನಿಗೆ ಆ ಗೆರೆ ಏಕೆಂಬುದೂ ತಿಳಿಯುತ್ತದೆ. ಅಂದಹಾಗೆ, ಗಾಜಿನ ಬಳಿ ಫೆವಿಕ್ವಿಕ್ ಸುಳಿಯಬಾರದು. ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜುಗಟ್ಟುತ್ತದೆ. ಸಾಮಾನ್ಯ ಬಿಳಿ ಫೆವಿಕಾಲ್ ಸಾಕು.

ಆದ್ದರಿಂದ ಆ ಅಂಕಣದಲ್ಲಿ ಕಿಟ್‌ಗಳ ಬೆಲೆಪಟ್ಟಿಯ ಬದಲು ವಾರಕ್ಕೊಂದು ವಿಮಾನದ ಅಳತೆಸಹಿತ ರೇಖಾಚಿತ್ರವನ್ನೂ, ಕಾಕ್‌ಪಿಟ್ ಮತ್ತು ಚಕ್ರದ ಗೂಡಿನ ಸ್ಪಷ್ಟ ಛಾಯಾಚಿತ್ರವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಹವ್ಯಾಸಿ ಮಾದರಿ ತಯಾರಕ, ಬೀದರ್