ಸಾಗರದ ಅಜ್ಜಿ ಉಪ್ಪಿನಕಾಯಿ

ಸಾಗರ
ಆರಿದ್ರೆ ಮಳೆ ಹಿಡಿದ ಮೂರನೇ ದಿನ

ಮಾರಾಯ,

ಬಿಡದಿ ತನಕ ಹೋದವನು ಮೈಸೂರಿಗೆ ಬರದೆ ವಾಪಸ್ಸಾದೆ ಅಂತ ನೀನು ಸಿಟ್ಟು ಮಾಡಿಕೊಂಡಿದ್ದು ನ್ಯಾಯವೇ. ಆದರೆ ಫೋನಿಡುವ ಮುಂಚೆ ಒಂದು ಮಾತು ಅಂದೆಯಲ್ಲ, ‘ಮನೆ ಹಿಂದೆ ಹೊಳೆ ಇಟ್ಟುಕೊಂಡು ದುಡ್ಡು ಕೊಟ್ಟು ನೀರಿಗೆ ಬೀಳೋಕೆ ಹೋದೆಯಲ್ಲೋ, ಎಂತ ಸಿಕ್ತು ಅಲ್ಲಿ?’ ಅಂತ, ಅದಕ್ಕೆ ಆವತ್ತು ಬಾಯಿಗೆ ಉತ್ತರ ಬರಲಿಲ್ಲ. ಈಗ ಮಳೆ ಹಿಡಿದು ಕೂತಿದೆ. ಅಡಿಕೆ ತೋಟಕ್ಕೆ ಮೊದಲನೇ ಸಲದ ಕೊಳೆರೋಗದ ಔಷಧಿ ಹೊಡೆದಾಗಿದೆ. ಕರೆಂಟು ನಿನ್ನೆ ಸಂಜೆಯಿಂದ ಇಲ್ಲ. ಬರೆಯೋಕೆ ಇದಕ್ಕಿಂತ ಒಳ್ಳೇ ಹೊತ್ತು ಸಿಗೋದಿಲ್ಲ.

ನಾನೂ ನಿನ್ನ ಜಾತಿಯವನೇ ಆಗಿದ್ದೆ. 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ ಅನ್ನೋ ನೀರಾಟ, ರೈಲಾಟದ ಪಾರ್ಕು ಶುರುವಾದಾಗ ಪೇಪರಿನಲ್ಲಿ ಜಾಹೀರಾತು ನೋಡಿ ನಾವಿಬ್ಬರೂ ನಕ್ಕಿದ್ದು ನೆನಪಿದೆಯಾ? ಜೋಗದಲ್ಲಿ 830 ಅಡಿಯಿಂದ ನೀರು ಬಿಟ್ಟಿ ಬೀಳುತ್ತೆ, ಇವರು ಪೈಪಿನಲ್ಲಿ ಬೀಳಿಸಿ ಕಾಸು ತಗೊಳ್ತಾರಂತೆ ಅಂತ. ಇಪ್ಪತ್ತು ವರ್ಷ ಆ ನಗು ಸಾಕಾಗಿತ್ತು. ಈ ಸಲ ಮಗಳ ಪರೀಕ್ಷೆ ಮುಗಿದಿದ್ದೇ ಹಟ ಶುರು. ಅಮ್ಮ ಮೊಮ್ಮಗಳ ಪಾರ್ಟಿ ಸೇರಿದಳು. ‘ನಾನೂ ಬರ್ತೀನಿ, ನೋಡೇ ಬಿಡೋಣ’ ಅಂದಳು. ಎಪ್ಪತ್ತೆರಡು ವರ್ಷ, ಎರಡೂ ಮಂಡಿ ನೋವು, ನೋಡೇ ಬಿಡ್ತಾಳಂತೆ.

ರಾತ್ರಿಯ ತಾಳಗುಪ್ಪ–ಮೈಸೂರು ರೈಲು ಹಿಡಿದೆವು. ಅಮ್ಮನಿಗೆ ಬಂದಿದ್ದು ಮೇಲಿನ ಬರ್ತು. ಯಾರನ್ನು ಕೇಳೋದು ಅಂತ ನಾನಿನ್ನೂ ಮುಖ ಹುಡುಕುತ್ತಿದ್ದೆ, ಅಷ್ಟರಲ್ಲಿ ಕೆಳಗಿನ ಬರ್ತಿನವರು ಹಾಸಿಕೊಂಡಿದ್ದ ಚಾದರ ಮಡಚಿ ಮೇಲೆ ಹತ್ತಿಯೇ ಬಿಟ್ಟಿದ್ದರು. ಥ್ಯಾಂಕ್ಸ್ ಹೇಳೋಣ ಅಂದರೆ ಗೊರಕೆ. ಬೆಳಗಾಗೋದರೊಳಗೆ ಅರಸೀಕೆರೆಯಲ್ಲಿ ಇಳಿದು ಹೋಗಿದ್ದರು. ಅಲ್ಲಿಂದ ಶುರುವಾಯ್ತು ನೋಡು ಈ ಲೆಕ್ಕ.

ಮೆಜೆಸ್ಟಿಕ್ಕಿನಿಂದ ಬಸ್ಸಿನಲ್ಲಿ ಹೋದೆವು. ಮನೆಯ ಮೂರೂ ಹೆಂಗಸರಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ದುಡ್ಡಿನ ಟಿಕೆಟ್ಟು ನನಗೊಬ್ಬನಿಗೆ. ಉಳಿದ ಖರ್ಚು ಕೇಳಬೇಡ.

ಗೇಟಿನಲ್ಲಿ ಬ್ಯಾಗ್ ತಪಾಸಣೆ. ಹೊರಗಿನ ತಿಂಡಿ ಒಳಗೆ ಬಿಡೋದಿಲ್ಲ, ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಅಮ್ಮನ ಚೀಲದ ತಳದಲ್ಲಿ ಹಳೇ ಸೀರೆ ತುಂಡಿನಲ್ಲಿ ಸುತ್ತಿ ಕೂತಿದ್ದ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಬಾಟಲಿ. ಬೆಂಗಳೂರು ವಿಜಯನಗರದ ಚಿಕ್ಕಮ್ಮನಿಗೆ ಅಂತ ತಂದಿದ್ದಳು, ಬೆಳಗಿನ ಜಾವ ಅವರನ್ನು ಎಬ್ಬಿಸೋದು ಬೇಡ ಅಂತ ಸಂಜೆಗೆ ಇಟ್ಟುಕೊಂಡಿದ್ದಳು. ಸೆಕ್ಯುರಿಟಿ ಹುಡುಗ ಅದನ್ನು ಎತ್ತಿ ಹಿಡಿದ. ಪಕ್ಕದ ಡಬ್ಬಿಯಲ್ಲಿ ಜನ ಬಿಟ್ಟುಹೋದ ಚಿಪ್ಸು, ಚಕ್ಕುಲಿ, ಪುಳಿಯೋಗರೆ ಪೊಟ್ಟಣ ತುಂಬಿ ತುಳುಕುತ್ತಿತ್ತು. ಅಮ್ಮನ ಕಣ್ಣು ಆ ಡಬ್ಬಿಯ ಮೇಲೇ.

‘ಏನಜ್ಜಿ ಇದು?’
‘ಮಿಡಿ.’
‘ಮಿಡಿ ಅಂದ್ರೆ?’

ಕೇಳಬಾರದಿತ್ತು. ಹಿಂದೆ ಮೂವತ್ತು ಜನ ಕ್ಯೂ ನಿಂತಿದ್ದಾರೆ, ಅಮ್ಮ ಹೊಳೆ ದಂಡೆಯ ಮರದಿಂದ ಶುರು ಮಾಡಿದಳು. ತೊಟ್ಟು ಮುರಿದರೆ ಜೀರಿಗೆ ಪರಿಮಳ ಬರಬೇಕು, ನೆಲಕ್ಕೆ ಬಿದ್ದ ಮಿಡಿ ಆಗೋದಿಲ್ಲ, ಉಪ್ಪಿನಲ್ಲಿ ಚಿರುಟಿದ ಮೇಲೇ ಖಾರ ಅರೆಯೋದು, ನಾಲ್ಕು ವರ್ಷ ಇಟ್ಟರೂ ಕೆಡೋದಿಲ್ಲ. ಆ ಹುಡುಗ ಪೂರ್ತಿ ಕೇಳಿದ ಮಾರಾಯ! ಮಾಗಡಿ ಕಡೆಯವನಂತೆ. ಕೇಳಿ, ‘ನಾಲ್ಕು ವರ್ಷ ಕೆಡಲ್ಲ ಅಂದಮೇಲೆ ಸಂಜೇವರೆಗೆ ನನ್ನ ಹತ್ರ ಇರಲಿ ಬಿಡಿ’ ಅಂದ. ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮೇಜಿನ ಕೆಳಗೆ ನೆರಳಲ್ಲಿಟ್ಟು ಒಂದು ಚೀಟಿ ಬರೆದು ಸಿಕ್ಕಿಸಿದ. ‘ಸಾಗರದ ಅಜ್ಜಿ ಉಪ್ಪಿನಕಾಯಿ.’

ಟಿಕೆಟ್ ಕೌಂಟರಿನಲ್ಲಿ ನಾನೊಂದು ಬೆಪ್ಪುತನ ಮಾಡಿದೆ. ಅಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸು ನೋಡಿ ಕೊಡೋದಲ್ಲ, ಎತ್ತರ ನೋಡಿ. 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ರೇಟು. ಮಗಳು 138. ‘ಬಚಾವಾದೆ’ ಅಂತ ಜೋರಾಗೇ ಅಂದೆ. ಅವಳು ಬಾಗಿಲ ದಾರಂದಕ್ಕೆ ಬೆನ್ನು ಕೊಟ್ಟು ಪೆನ್ಸಿಲ್ ಗೆರೆ ಹಾಕಿಸಿಕೊಳ್ಳೋದು ಯಾತಕ್ಕೆ ಅಂತ ನನಗೆ ಆಮೇಲೆ ಗೊತ್ತಾಯ್ತು. ದೊಡ್ಡ ಆಟಗಳಿಗೂ ಅದೇ 140.

ಅವಳಿಗೆ ಬೇಕಿದ್ದಿದ್ದು ರಿಕಾಯಿಲ್ ಅನ್ನೋ ರೈಲು. ಜನರನ್ನು ತಲೆಕೆಳಗೆ ಮಾಡಿ ಸುತ್ತಿಸಿ, ಸಾಲದು ಅಂತ ಬಂದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್ ಎಳೆದು ತರುತ್ತೆ. ನನಗೆ ನೋಡಿಯೇ ಹೊಟ್ಟೆ ತೊಳೆಸಿತು. ಅಳತೆ ಕೋಲಿನ ಹತ್ತಿರ ನಿಂತಿದ್ದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಮಗಳು ಹಿಮ್ಮಡಿ ಎತ್ತಿ ನಿಂತಳು. ‘ಕಾಲು ಕೆಳಗಿಡು ಪುಟ್ಟ’ ಅಂದ. ಜುಟ್ಟು ಎತ್ತಿ ಕಟ್ಟಿದ್ದು ಇವಳದೇ ಐಡಿಯಾ, ಅದನ್ನೂ ಬೆರಳಿನಲ್ಲಿ ಮೆತ್ತಗೆ ಒತ್ತಿ ನೋಡಿದ. ‘ಎರಡು ಸೆಂಟಿಮೀಟರ್ ಅಲ್ಲವೇನ್ರೀ’ ಅಂತ ನಾನು ದನಿ ಏರಿಸಿದೆ. ಬೆಳಗ್ಗೆ ಅದೇ ಎರಡು ಸೆಂಟಿಮೀಟರಿಗೆ ಕುಣಿದವನು ನಾನೇ, ನೋಡು.

ಅವನು ನನ್ನ ಜೊತೆ ವಾದ ಮಾಡಲಿಲ್ಲ. ಮಂಡಿಯೂರಿ ಅವಳೆದುರು ಕೂತ. ‘ಅಲ್ಲಿ ಭುಜದ ಮೇಲೆ ಇಳಿಯೋ ದಪ್ಪ ಸರಳಿದೆಯಲ್ಲ, ಅದು ನಿನ್ನನ್ನ ಗಟ್ಟಿಯಾಗಿ ಹಿಡ್ಕೋಬೇಕು. ನೀನಿನ್ನೂ ಸಣ್ಣೋಳು, ಸಂದಿ ಉಳಿಯುತ್ತೆ. ತಲೆಕೆಳಗಾದಾಗ ನಾನು ಬಂದು ಹಿಡ್ಕೊಳ್ಳೋಕಾಗಲ್ಲ’ ಅಂದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಜೇಬಿನಿಂದ ಪೆನ್ನು ತೆಗೆದು ನಮ್ಮ ಟಿಕೆಟ್ಟಿನ ಹಿಂದೆ ‘138’ ಅಂತ ಬರೆದು, ತಾರೀಖು ಹಾಕಿ, ಅವಳ ಕೈಗೇ ಕೊಟ್ಟ. ‘ಮುಂದಿನ ವರ್ಷ ಇದನ್ನ ತಗೊಂಡು ಬಾ. ಎಷ್ಟು ಬೆಳೆದೆ ಅಂತ ನಾನೇ ಅಳೀತೀನಿ.’ ಆಮೇಲೆ ಈಗ ಯಾವ ಆಟಕ್ಕೆ ಕ್ಯೂ ಇಲ್ಲ, ಅದರಲ್ಲಿ ಯಾವ ಸೀಟಿನಲ್ಲಿ ಕೂತರೆ ಹೆಚ್ಚು ಹೆದರಿಕೆ ಆಗುತ್ತೆ ಅನ್ನೋದನ್ನು ಅವಳ ಕಿವಿಯಲ್ಲಿ ಹೇಳಿದ. ನನಗೆ ಕೇಳಿಸಲಿಲ್ಲ. ಅವಳು ಓಡಿದಳು, ನಾವು ಹಿಂದೆ ಓಡಿದೆವು.

ಅಮ್ಮನನ್ನು ವೇವ್ ಪೂಲಿನ ಹತ್ತಿರ ಕೂರಿಸಿದ್ದೆವು. ಸೀರೆಯಲ್ಲಿ ನೀರಿಗೆ ಇಳಿಯುವಂತಿಲ್ಲ, ಹತ್ತಿ ಬಟ್ಟೆ ನೂಲು ಬಿಟ್ಟು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತೆ, ನೈಲಾನೇ ಬೇಕು. ‘ನೈಲಾನ್ ಚಡ್ಡಿ ಹಾಕೋ ವಯಸ್ಸು ನನ್ನದಲ್ಲ’ ಅಂತ ಬೆಂಚಿನ ಮೇಲೆ ಕೂತಳು. ನಾವು ಬಂದು ನೋಡುವಾಗ ಅಮ್ಮ ಬೆಂಚಿನಲ್ಲಿಲ್ಲ. ಗಾಬರಿಯಾಗಿ ಹುಡುಕಿದರೆ ಆಚೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಕಾಲಿಗೆ ಇನ್ನೊಂದು ಕುರ್ಚಿ ಇಟ್ಟುಕೊಂಡು ರಾಣಿ ಹಾಗೆ ಕೂತಿದ್ದಾಳೆ.

ನೆಲ ಒರೆಸುವ ಹೆಂಗಸಿನ ಕೆಲಸ ಅದು. ‘ಇಲ್ಲಿ ಕುಂದರಬ್ಯಾಡ್ರೀ ಅವ್ವಾ, ಬಿಸಿಲ ತಿರಗತೈತಿ’ ಅಂತ ಎಬ್ಬಿಸಿಕೊಂಡು ಹೋಗಿದ್ದಾಳೆ. ಅವಳಿಗೆ ಮಾತಾಡುತ್ತಾ ನಿಲ್ಲುವಂತಿಲ್ಲ, ಡ್ಯೂಟಿ. ಆದರೆ ಮಾಪು ಹಿಡಿದು ಹದಿನೈದು ನಿಮಿಷಕ್ಕೊಂದು ಸುತ್ತು ಬರಬೇಕು. ಹೀಗಾಗಿ ಇಬ್ಬರ ಮಾತುಕತೆ ಕಂತಿನಲ್ಲಿ ನಡೆದಿದೆ. ಒಂದು ಸುತ್ತಿಗೆ ಊರು ಕೊಪ್ಪಳದ ಹತ್ತಿರ ಅಂತ. ಮುಂದಿನ ಸುತ್ತಿಗೆ ಮಗ ಹತ್ತನೇ ಕ್ಲಾಸು, ಅಜ್ಜಿ ಹತ್ತಿರ ಬಿಟ್ಟು ಬಂದಿದ್ದಾಳೆ ಅಂತ. ಅದರ ಮುಂದಿನ ಸುತ್ತಿಗೆ ಅಮ್ಮನ ಸರದಿ, ಅಪ್ಪ ಹೋದದ್ದು, ಮಂಡಿ ನೋವು. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಬೇಕು ಅನ್ನೋದು ನಾಲ್ಕನೇ ಸುತ್ತು. ಸಂಜೆ ಹೊರಡುವಾಗ ಅಮ್ಮ ನೂರು ರೂಪಾಯಿ ಕೈಗಿಟ್ಟರೆ ಅವಳು ಹಾವು ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳಂತೆ. ‘ನನ್ನವ್ವ ಆಗಿದ್ರ ರೊಕ್ಕ ಕೊಡ್ತಿದ್ರೇನ್ರೀ?’ ಅಮ್ಮ ಅದನ್ನು ಊರಿಗೆ ಬಂದಮೇಲೆ ಎಷ್ಟು ಜನಕ್ಕೆ ಹೇಳಿದ್ದಾಳೋ.

ಇನ್ನು ನನ್ನ ಕನ್ನಡಕದ ಕತೆ. ತಪ್ಪು ಪೂರ್ತಿ ನನ್ನದು, ಮೊದಲೇ ಹೇಳಿಬಿಡ್ತೀನಿ. ಲೈಫ್‌ಗಾರ್ಡು ಎರಡು ಸಲ ಸೀಟಿ ಊದಿ ‘ಸರ್, ಕನ್ನಡಕ ತೆಗೀರಿ’ ಅಂದಿದ್ದ. ನಾನು ತುಂಗೆಯಲ್ಲಿ ಈಜು ಕಲಿತವನು, ಈ ತೊಟ್ಟಿ ಯಾವ ಲೆಕ್ಕ ಅಂತ ಕೇಳಲಿಲ್ಲ. ಸೈರನ್ ಆಯ್ತು, ಅಲೆ ಶುರುವಾಯ್ತು, ಮೂರನೇ ಅಲೆಗೆ ನಾನೊಂದು ಕಡೆ, ಕನ್ನಡಕ ಒಂದು ಕಡೆ. ಶಿವಮೊಗ್ಗದಲ್ಲಿ ಮಾಡಿಸಿ ಒಂದು ತಿಂಗಳಾಗಿತ್ತು. ಅದಿಲ್ಲದೆ ನನಗೆ ಹೆಂಡತಿಗೂ ಕಂಬಕ್ಕೂ ವ್ಯತ್ಯಾಸ ಗೊತ್ತಾಗೋದಿಲ್ಲ. ಅಲೆ ನಿಂತಮೇಲೆ ಸೊಂಟದವರೆಗಿನ ನೀರಲ್ಲಿ ತಡಕಾಡುತ್ತಾ ನಿಂತೆ.

‘ಏನ್ ಕಳ್ಕೊಂಡ್ರಿ ಅಂಕಲ್?’ ದಾವಣಗೆರೆಯ ಕಾಲೇಜು ಹುಡುಗರು, ಏಳು ಜನ. ಅಲ್ಲೀತನಕ ಅವರ ಕಿರುಚಾಟಕ್ಕೆ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಹೇಳಿದೆ. ಮುಳುಗಿ ಹುಡುಕೋಕೆ ನೀರು ಕಲಕಿತ್ತು. ಅದರಲ್ಲೊಬ್ಬ, ರೈತರ ಮನೆಯವನೇ ಇರಬೇಕು, ‘ಸಾಲು ಹಿಡೀರೋ’ ಅಂದ. ಏಳೂ ಜನ ತೋಳಿಗೆ ತೋಳು ಕೊಟ್ಟು ಸಾಲಾಗಿ ನಿಂತು, ಪಾದದಲ್ಲಿ ನೆಲ ಸವರುತ್ತಾ ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ಸರಿದರು. ಥೇಟ್ ನಮ್ಮ ಗದ್ದೆ ನೆಟ್ಟಿಯ ಸಾಲು! ಬೈದಿದ್ದ ಲೈಫ್‌ಗಾರ್ಡೇ ಸೀಟಿ ಊದಿ ಆ ಜಾಗದಿಂದ ಬೇರೆಯವರನ್ನು ದೂರ ಮಾಡಿದ. ನನಗೆ ಕಾಣಿಸುತ್ತಿದ್ದದ್ದು ಏಳು ಮಸುಕು ಬಣ್ಣ ಅಷ್ಟೇ. ಐದಾರು ನಿಮಿಷಕ್ಕೆ ಒಬ್ಬ ‘ಸಿಕ್ತು, ಯಾರೂ ಅಲ್ಲಾಡಬೇಡಿ’ ಅಂತ ಕೂಗಿ, ಕಾಲ್ಬೆರಳಿನಲ್ಲೇ ಕಡ್ಡಿ ಹಿಡಿದು ಮೇಲೆತ್ತಿದ. ಒಂದು ಕಡ್ಡಿ ಸೊಟ್ಟ, ಗಾಜಿಗೆ ಏನೂ ಆಗಿಲ್ಲ.

ಐಸ್‌ಕ್ರೀಮ್ ಕೊಡಿಸ್ತೀನಿ ಅಂದರೆ ಒಲ್ಲೆ ಅಂದರು. ‘ಮಳೆಗಾಲದಲ್ಲಿ ಜೋಗಕ್ಕೆ ಬರ್ತೀವಿ, ಆವಾಗ ನಿಮ್ಮನೇಲಿ ಊಟ’ ಅಂದ ಕಾಲ್ಬೆರಳಿನವನು. ಲಾಕರ್ ಹತ್ತಿರ ನಂಬರ್ ಬರೆದುಕೊಂಡರು. ಯಾರು ಬರ್ತಾರೆ ಅಂತ ನಾನೂ ಬರೆದುಕೊಟ್ಟೆ.

ಸಂಜೆ ಗೇಟಿಗೆ ಬಂದರೆ ಬೆಳಗಿನ ಹುಡುಗ ಇಲ್ಲ, ಪಾಳಿ ಮುಗಿದು ಹೋಗಿದ್ದಾನೆ. ಅಮ್ಮನ ಮುಖ ಸಣ್ಣಗಾಯ್ತು. ಅಷ್ಟರಲ್ಲಿ ಹೊಸಬ, ಮೀಸೆಯವನು, ಹೊರಗೆ ಹೋಗುವ ಜನರ ಕಡೆ ಕತ್ತು ಚಾಚಿ ಕೂಗುತ್ತಿದ್ದಾನೆ: ‘ಸಾಗರದ ಅಜ್ಜಿ ಯಾರು? ಸಾಗರದ ಅಜ್ಜಿ!’ ಬಾಟಲಿ, ಪೇಪರು, ರಬ್ಬರ್ ಬ್ಯಾಂಡು, ಚೀಟಿ ಎಲ್ಲ ಹಾಗೇ ಇತ್ತು. ‘ಕೊಡದೇ ಹೋದ್ರೆ ನನ್ನ ಬಿಡಲ್ಲ ಅಂದಿದ್ದಾನೆ ಅವನು’ ಅಂದ.

ಒಂದು ವಿಷಯ ನಿನಗೆ ಮಾತ್ರ ಹೇಳೋದು ಅಂದುಕೊಂಡಿದ್ದೆ, ಆದರೆ ಹೆಂಡತಿ ಈ ಪತ್ರ ಎಲ್ಲರೂ ಓದೋ ಕಡೆ ಹಾಕು ಅಂತಿದ್ದಾಳೆ, ಹಾಕಲಿ. ವಾಪಸ್ ಬರುವ ರೈಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕಡೆ ಮುಯ್ಯಾಳು ಲೆಕ್ಕ ನಿನಗೆ ಗೊತ್ತಲ್ಲ. ಅವರ ಮನೆ ನೆಟ್ಟಿಗೆ ನಮ್ಮಿಂದ ಎರಡಾಳು ಹೋದರೆ ನಮ್ಮ ನೆಟ್ಟಿಗೆ ಅವರಿಂದ ಎರಡಾಳು ಬರಬೇಕು. ಬಾಯಲ್ಲಿ ಯಾರೂ ಹೇಳೋದಿಲ್ಲ, ಮನಸ್ಸಿನಲ್ಲಿ ಎಲ್ಲರೂ ಬರೆದಿಟ್ಟಿರ್ತಾರೆ. ಈ ಜನಕ್ಕೆ ನಾನು ಎಲ್ಲಿ ಅಂತ ಮುಯ್ಯಿ ತೀರಿಸಲಿ ಅಂತ ಯೋಚಿಸುತ್ತಾ ಮಲಗಿದ್ದಾಗ ಹೋದ ಆಗಸ್ಟು ನೆನಪಾಯ್ತು. ಜೋಗ ನೋಡೋಕೆ ಬಂದ ಒಂದು ಕುಟುಂಬದ ಕಾರು ನಮ್ಮ ತಿರುವಿನ ಚರಂಡಿಗೆ ಇಳಿದಿತ್ತು. ಜೋರು ಮಳೆ, ಒಳಗೆ ಸಣ್ಣ ಮಗು. ಜೀಪಿಗೆ ಹಗ್ಗ ಕಟ್ಟಿ ಎಳೆದು ಕೊಟ್ಟೆ, ಐನೂರು ರೂಪಾಯಿ ಕೇಳಿ ತಗೊಂಡೆ. ಡೀಸೆಲ್ಲಿಗೆ ಅಂದೆ. ಹತ್ತು ನಿಮಿಷದ ಕೆಲಸಕ್ಕೆ ಎಂತ ಡೀಸೆಲ್ಲು. ಅವರು ಯಾವ ಊರಿನವರು ಅಂತಲೂ ಕೇಳಿರಲಿಲ್ಲ ನಾನು. ದಾವಣಗೆರೆಯವರೇ ಆಗಿದ್ದರೂ ಆಗಿರಬಹುದು.

ಮೊನ್ನೆ ಆ ಹುಡುಗರ ಫೋನು ಬಂತು. ನಿಜವಾಗಿ ಬರ್ತಾರಂತೆ, ಆಗಸ್ಟ್ ಎರಡನೇ ಶನಿವಾರ, ಏಳೂ ಜನ. ಜೋಗ ನೋಡಿ ಸಿಗಂದೂರಿಗೂ ಹೋಗಬೇಕಂತೆ, ಲಾಂಚಿನಲ್ಲಿ ಹೋಗೋಣ ಅಂಕಲ್ ಅಂತಿದ್ದರು. 2025ರ ಜುಲೈಯಲ್ಲೇ ಶರಾವತಿ ಹಿನ್ನೀರಿಗೆ ಸೇತುವೆ ಆಯ್ತಪ್ಪ, ಈಗ ಗಾಡಿ ಸೀದಾ ದಾಟುತ್ತೆ ಅಂದರೆ ಪಾಪ ಬೇಜಾರು ಮಾಡಿಕೊಂಡರು. ನೀನೂ ರಜ ಹಾಕಿ ಬಾ. ಏಳು ಹುಡುಗರಿಗೆ ಬಡಿಸೋಕೆ ನನಗೊಂದು ಕೈ ಬೇಕು. ಹೆಂಡತಿ ಈಗಲೇ ಪತ್ರೊಡೆಗೆ ಕೆಸುವಿನ ಎಲೆ ಎಲ್ಲೆಲ್ಲಿ ಚೆನ್ನಾಗಿದೆ ಅಂತ ನೋಡಿಟ್ಟುಕೊಂಡಿದ್ದಾಳೆ. ಮಗಳು ಪ್ರತಿ ಭಾನುವಾರ ದಾರಂದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಸದ್ಯಕ್ಕೆ 138ರಲ್ಲೇ ಇದ್ದಾಳೆ. ಆ ಟಿಕೆಟ್ಟು ದೇವರ ಗೂಡಿನಲ್ಲಿದೆ.

ಇನ್ನೊಂದು ಕೆಲಸವಿದೆ, ಇದು ಅಮ್ಮನ ಆಜ್ಞೆ. ಈ ವರ್ಷದ ಮಿಡಿಯಲ್ಲಿ ಒಂದು ಬಾಟಲಿ ಬೇರೆ ತೆಗೆದಿಟ್ಟಿದ್ದಾಳೆ. ನೀನು ಮೈಸೂರಿಗೆ ವಾಪಸ್ ಹೋಗುವಾಗ ಬೆಂಗಳೂರಿನ ಮೇಲೇ ಹೋಗಬೇಕಂತೆ, ಬಿಡದಿಯಲ್ಲಿ ಇಳಿಯಬೇಕಂತೆ, ಬೆಳಗಿನ ಪಾಳಿ ಮುಗಿಯೋದರೊಳಗೆ ಆ ಗೇಟು ಮುಟ್ಟಬೇಕಂತೆ. ಹೆಸರು ಗೊತ್ತಿಲ್ಲವಲ್ಲೇ ಅಂದರೆ, ಮಗಳ ಕೈಲಿ ಚೀಟಿ ಬರೆಸಿ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿ ನನಗೆ ತೋರಿಸಿದಳು: ‘ಮಾಗಡಿ ಹುಡುಗನ ಉಪ್ಪಿನಕಾಯಿ.’

ಇಂತಿ ನಿನ್ನ,
ಕನ್ನಡಕದ ಕಡ್ಡಿ ಇನ್ನೂ ಸೊಟ್ಟ ಇರುವ ಗೆಳೆಯ