ಚಿಕ್ಕಬಳ್ಳಾಪುರದಲ್ಲಿ ಎಷ್ಟು ಅಕ್ಷರ? ಕೇಳಿದವರಿಗೆಲ್ಲ ಥ್ಯಾಂಕ್ಸ್

ಗ್ಲೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ನಾವು ಬರೆಯುತ್ತಿದ್ದ ಕನ್ನಡ ಕೈಪಿಡಿ ಕೊನೆಗೂ ಮುಗಿಯಿತು. ಕನ್ನಡ ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ನಮ್ಮ ಪುಟ್ಟ ಪ್ಯಾಕೇಜ್ (ಬೇರೆಯವರೂ ಬಳಸಬಹುದಾದ ಕೋಡಿನ ಕಟ್ಟು) ಕೂಡ ಇಂಥವನ್ನು ಹಂಚುವ ತಾಣವಾದ ಹೆಕ್ಸ್‌ಗೆ ಹೋಗಿದೆ. ತುಮಕೂರಿನಲ್ಲಿ ಭಾನುವಾರ ಸೇರುವ ನಾಲ್ಕೈದು ಜನ ಇದನ್ನೆಲ್ಲ ಮಾಡಿದರು ಅಂತ ಕೆಲವರು ಹೊಗಳುತ್ತಿದ್ದಾರೆ. ನಾವು ಟೈಪ್ ಮಾಡಿದವರು ಅಷ್ಟೇ. ನಮ್ಮನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದವರು ಬೇರೆಯೇ ಇದ್ದಾರೆ. ಈ ಬರಹ ಅವರಿಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗ್ಲೀಮ್ ಇನ್ನೂ ಎಳೆಯ ಭಾಷೆ. ಲೂಯಿಸ್ ಪಿಲ್‌ಫೋಲ್ಡ್ ಎಂಬವರು ಶುರು ಮಾಡಿದ್ದು. 1.0 ಆವೃತ್ತಿ ಬಂದದ್ದು 2024ರ ಮಾರ್ಚ್‌ನಲ್ಲಿ. ಆದರೆ ಅದರ ತಳಪಾಯ ಹಳೆಯದು. 1986ರ ಹೊತ್ತಿಗೆ ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸಕ್ಕಾಗಿ ಎರ್ಲಾಂಗ್ ಎಂಬ ಭಾಷೆ ಹುಟ್ಟಿತಲ್ಲ, ಗ್ಲೀಮ್ ಓಡುವುದು ಅದರ ಮೇಲೆಯೇ. ವಾಟ್ಸಾಪ್ ಬೆಳೆದದ್ದೂ ಎರ್ಲಾಂಗ್ ನಂಬಿಕೊಂಡೇ. ಬೇಕೆಂದರೆ ಗ್ಲೀಮ್ ಕೋಡನ್ನು ಜಾವಾಸ್ಕ್ರಿಪ್ಟ್‌ಗೂ ತಿರುಗಿಸಬಹುದು.

ಎಳೆಯ ಭಾಷೆಯ ಕಷ್ಟ ಏನೆಂದರೆ, ಬೇಕಾದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಇರಲ್ಲ. ಇದ್ದರೂ ಅದನ್ನು ಬಳಸುವುದು ಹೇಗೆ ಅಂತ ಯಾರೂ ಬರೆದಿರಲ್ಲ. ಬರೆದಿದ್ದರೂ ಆರು ತಿಂಗಳಿಗೆ ಅದು ಹಳತಾಗಿರುತ್ತದೆ. 1.0 ಆದ ಮೇಲೆ ಹಳೆಯ ಕೋಡ್ ಕೆಡದಂತೆ ನೋಡಿಕೊಳ್ಳುತ್ತೇವೆ ಅಂತ ಗ್ಲೀಮ್ ಕಟ್ಟುವವರು ಮಾತು ಕೊಟ್ಟರು. ಆ ಧೈರ್ಯದ ಮೇಲೆ ನಾವು ಕೈಪಿಡಿಗೆ ಕೈ ಹಾಕಿದ್ದು. ಹಾಗಾಗಿ ಮೊದಲ ನಮಸ್ಕಾರ ಅವರಿಗೆ.

ಎರಡನೆಯದು ಡಿಪ್ಲೊಮಾ ಓದುತ್ತಿರುವ ಚಿಕ್ಕಬಳ್ಳಾಪುರದ ಹುಡುಗನಿಗೆ. ಸ್ಟ್ರಿಂಗ್ (ಅಂದರೆ ಪಠ್ಯ) ಪಾಠದಲ್ಲಿ, ಪದದ ಉದ್ದ ಎಣಿಸುವ ಲೆಂಥ್ ಫಂಕ್ಷನ್ ತೋರಿಸಲು ನಾವು 'ತುಮಕೂರು' ಅಂತ ಉದಾಹರಣೆ ಕೊಟ್ಟಿದ್ದೆವು. ಉತ್ತರ 4. ಸರಿ ಇದೆ, ಅಲ್ವಾ? ಕೋಲಾರದ ಗೆಳತಿ ತನ್ನ ಊರು ಹಾಕಿದಳು, 3. ಅದೂ ಸರಿ. ಇವನು 'ಚಿಕ್ಕಬಳ್ಳಾಪುರ' ಹಾಕಿದ. ಉತ್ತರ 8 ಬಂತು. "ಅಣ್ಣ, ಬೆರಳು ಮಡಚಿ ಎಣಿಸಿದ್ರೆ ಆರೇ ಇರೋದು" ಅಂದ.

ಇದರಲ್ಲಿ ಗ್ಲೀಮ್‌ನ ತಪ್ಪಿಲ್ಲ. ಎಲ್ಲ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಆ ಪದಕ್ಕೆ 13 ಸಂಕೇತಗಳಿವೆ. ಒಂದೊಂದು ಕನ್ನಡ ಸಂಕೇತಕ್ಕೆ ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್, ಅಂದರೆ ಒಟ್ಟು 39 ಬೈಟ್. ಗ್ಲೀಮ್ ಬೈಟನ್ನೂ ಎಣಿಸಲ್ಲ, ಸಂಕೇತವನ್ನೂ ಎಣಿಸಲ್ಲ. ಯೂನಿಕೋಡ್ ನಿಯಮದಂತೆ ಕಣ್ಣಿಗೆ ಒಂದಾಗಿ ಕಾಣುವ ಗುಂಪುಗಳನ್ನು ಎಣಿಸುತ್ತದೆ. ಎಷ್ಟೋ ಭಾಷೆಗಳಿಗಿಂತ ಇದು ವಾಸಿ. ಆದರೆ ಆ ನಿಯಮ ಕನ್ನಡದ ಒತ್ತಕ್ಷರವನ್ನು ಒಂದಾಗಿ ಹಿಡಿಯುವುದಿಲ್ಲ. 'ಕ್ಕ' ಅನ್ನುವುದನ್ನು 'ಕ್' ಮತ್ತು 'ಕ' ಎಂದು ಒಡೆಯುತ್ತದೆ. 'ಳ್ಳಾ' ಕೂಡ ಹಾಗೇ. ಆರು ಎಂಟಾಗುವುದು ಹೀಗೆ. ತಮಾಷೆಯೆಂದರೆ ದೇವನಾಗರಿ, ತೆಲುಗು, ಮಲಯಾಳಂ ಲಿಪಿಗಳಿಗೆ 2023ರಲ್ಲಿ ಈ ನಿಯಮ ತಿದ್ದಿದರು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಪ್ಯಾಕೇಜ್ ಹುಟ್ಟಿದ್ದು ಆ ಪ್ರಶ್ನೆಯಿಂದ. ಅದನ್ನು ಸರಿದಾರಿಗೆ ತಂದವರು ಮಾತ್ರ ಪ್ರೋಗ್ರಾಮಿಂಗ್ ಗೊತ್ತೇ ಇಲ್ಲದ ಒಬ್ಬ ಡಿಟಿಪಿ ಅಣ್ಣ. ಕೈಪಿಡಿಯ ಕರಡನ್ನು ಅವರ ಜೆರಾಕ್ಸ್ ಅಂಗಡಿಯಲ್ಲೇ ಪ್ರಿಂಟ್ ತೆಗೆಸುತ್ತಿದ್ದೆವು. ವರ್ಷವಿಡೀ ಮದುವೆ ಕಾರ್ಡ್ ಟೈಪ್ ಮಾಡುವ ಮನುಷ್ಯ. ನಮ್ಮ ಅಕ್ಷರದ ಲೆಕ್ಕ ನೋಡಿ, "ರಾಜ್‌ಕುಮಾರ್ ಅಂತ ಹೊಡೀರಿ ನೋಡೋಣ" ಅಂದರು. ನಮ್ಮ ಕೋಡ್ ಜ ಮತ್ತು ಕು ಸೇರಿಸಿ 'ಜ್ಕು' ಮಾಡಿ ಕೂರಿಸಿತು. ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದು ಇದ್ದರೆ ಒತ್ತು ಬೀಳಬಾರದು. ವರನ ಹೆಸರು ಕೆಟ್ಟರೆ ಐನೂರು ಕಾರ್ಡ್ ವಾಪಸ್ ಬರುತ್ತವೆ, ಅದಕ್ಕೇ ಅವರಿಗೆ ಇದು ಬಾಯಿಪಾಠ. ನಮಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಈಗ ನಮ್ಮ ಟೆಸ್ಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರು ಕೊಟ್ಟ ಹೆಸರುಗಳೇ.

ಇನ್ನು ನಮ್ಮ ಮೇಡಂ. ಕಾಲೇಜಿನಲ್ಲಿ ಪಾಠ ಮಾಡಿ ದಣಿದು ಬಂದು ನಮ್ಮ ಪುಟ ತಿದ್ದಿದವರು. ಗ್ಲೀಮ್‌ನಲ್ಲಿ ಫಂಕ್ಷನ್ ಮೇಲೆ ಮೂರು ಸ್ಲ್ಯಾಶ್ ಹಾಕಿ ವಿವರಣೆ ಬರೆದರೆ ಸಾಕು, ಪ್ಯಾಕೇಜ್ ಜೊತೆಗೆ ಅದೂ ಹೆಕ್ಸ್ ವಿವರಣೆಗಳ ತಾಣವಾದ ಹೆಕ್ಸ್‌ಡಾಕ್ಸ್‌ಗೆ ಹೋಗಿ ಪುಟವಾಗಿ ನಿಲ್ಲುತ್ತದೆ. ಆದರೆ ಆ ವಿವರಣೆಯಲ್ಲಿ ಬರೆದ ಉದಾಹರಣೆ ನಿಜವಾಗಿ ಓಡುತ್ತದೋ ಇಲ್ಲವೋ ಅಂತ ಗ್ಲೀಮ್ ತಾನಾಗಿ ಪರೀಕ್ಷೆ ಮಾಡಲ್ಲ. ಮೇಡಂ ಒಂದೊಂದನ್ನೂ ಕೈಯಾರೆ ಟೈಪ್ ಮಾಡಿ ಓಡಿಸಿ ನೋಡಿದರು. ಕಾಪಿ ಪೇಸ್ಟ್ ಮಾಡಿ ಅಂದರೆ ಕೇಳಲಿಲ್ಲ. "ಓದೋ ಮಕ್ಕಳು ಟೈಪ್ ಮಾಡ್ತಾರೆ, ಎಲ್ಲಿ ಎಡವುತ್ತಾರೆ ಅಂತ ನನಗೆ ಗೊತ್ತಾಗ್ಬೇಕು" ಅಂದರು. ಹೆಕ್ಸ್‌ನಲ್ಲಿ ಒಮ್ಮೆ ಹಾಕಿದ ಆವೃತ್ತಿಯನ್ನು ಸ್ವಲ್ಪ ಹೊತ್ತು ಕಳೆದ ಮೇಲೆ ಬದಲಿಸಲು ಬಿಡುವುದಿಲ್ಲ. ಅವರ ಹಟಮಾರಿತನದ ಬೆಲೆ ತಿಳಿದದ್ದು ಆಗ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನವರಿಗೂ ಥ್ಯಾಂಕ್ಸ್. ಎರಡು ಇಡ್ಲಿಗೆ ಎರಡು ಗಂಟೆ ಕೂತರೂ ಎಬ್ಬಿಸಲಿಲ್ಲ. "ಇದರಿಂದ ಕೆಲಸ ಸಿಗುತ್ತಾ?" ಅಂತ ಕೇಳಿದ ನೆಂಟರಿಗೂ ಒಂದು ಥ್ಯಾಂಕ್ಸ್. ಉತ್ತರ ಇನ್ನೂ ಹುಡುಕುತ್ತಿದ್ದೇವೆ.

ಒಂದು ಅಧ್ಯಾಯ ಬಾಕಿ ಇದೆ. ಎರ್ಲಾಂಗ್‌ನ ಪ್ರೊಸೆಸ್‌ಗಳ ಬಗ್ಗೆ, ಅಂದರೆ ಜೊತೆಜೊತೆಗೆ ಓಡುವ ಪುಟ್ಟ ಕೆಲಸಗಳಲ್ಲಿ ಒಂದು ಬಿದ್ದರೆ ಇನ್ನೊಂದು ಅದನ್ನು ಎಬ್ಬಿಸುವ ಏರ್ಪಾಟಿನ ಬಗ್ಗೆ. ಅದನ್ನು ದಿನವೂ ಬಳಸುವವರು ಈ ಕಡೆ ಯಾರಾದರೂ ಇದ್ದರೆ ಭಾನುವಾರ ಬನ್ನಿ. ಕೈಪಿಡಿಯ ಪ್ರಿಂಟ್ ಡಿಟಿಪಿ ಅಣ್ಣನ ಅಂಗಡಿಯಲ್ಲಿದೆ, ಜೆರಾಕ್ಸ್ ಕಾಸು ಕೊಟ್ಟರೆ ಸಾಕು. ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ ಅವರ ಹತ್ತಿರವೇ ವಾಪಸ್ ಕೊಡಿ, ನಮಗೆ ತಲುಪುತ್ತದೆ.